ಹದಿನೇಳನೆಯ ಮಂಚದ ಗೊರಕೆ

ಆಸ್ಪತ್ರೆಯ ಸಿಬ್ಬಂದಿ ಶಾಖೆಯಲ್ಲಿ ನನ್ನ ಕೆಲಸ ಎರಡೇ. ಬರುವವರಿಗೆ ನೇಮಕದ ಪತ್ರ ಕೊಡುವುದು, ಹೋಗುವವರಿಂದ ರಾಜೀನಾಮೆ ಪತ್ರ ತೆಗೆದುಕೊಳ್ಳುವುದು. ಆರನೇ ವಾರ್ಡಿನ ಮಟ್ಟಿಗೆ ಈ ಎರಡರ ನಡುವೆ ಒಮ್ಮೊಮ್ಮೆ ಮಸಿ ಒಣಗುವಷ್ಟು ಹೊತ್ತೂ ಇರುತ್ತಿರಲಿಲ್ಲ. ಹೋದ ವರ್ಷ ಆ ವಾರ್ಡಿಗೆ ಏಳು ಮಂದಿ ನರ್ಸುಗಳು ಸೇರಿದರು, ಏಳು ಮಂದಿಯೂ ಬಿಟ್ಟರು. ಒಬ್ಬಾಕೆಯಂತೂ ಬೆಳಗ್ಗೆ ಏಳಕ್ಕೆ ಸೇರಿ, ಹನ್ನೊಂದಕ್ಕೆ ಚಹಾ ಕುಡಿದು ಬರುತ್ತೇನೆಂದು ಹೋದವಳು. ಆ ಚಹಾ ಇನ್ನೂ ಮುಗಿದಿಲ್ಲ.

ಪತ್ರದಲ್ಲಿ ಎಲ್ಲರೂ ಬರೆಯುವುದು 'ವೈಯಕ್ತಿಕ ಕಾರಣಗಳಿಂದ' ಎಂದೇ. ಕುರ್ಚಿ ಎಳೆದು ಕೂರಿಸಿ, ಒಂದು ಲೋಟ ನೀರು ಕೊಟ್ಟು ಕೇಳಿದರೆ ಮಾತು ಬೇರೆ.

"ಕೆಲಸಕ್ಕೆ ಹೆದರೋಳಲ್ಲ ಸರ್ ನಾನು," ಎಂದಿದ್ದಳು ಕೊನೆಯಾಕೆ. "ಕಾಲಿಟ್ಟ ದಿನವೇ 'ಯಾಕಮ್ಮ ಬಂದೆ ಇಲ್ಲಿಗೆ, ಬೇರೆ ಎಲ್ಲೂ ಸಿಗ್ಲಿಲ್ವಾ?' ಅಂದ್ರು. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ ಅದೇ. ಒಂದಿನ ನಾನೇ ನನ್ನನ್ನ ಕೇಳ್ಕೊಂಡೆ, ಹೌದಲ್ವಾ, ಯಾಕೆ ಬಂದೆ ಅಂತ. ಉತ್ತರ ಸಿಗ್ಲಿಲ್ಲ."

ಆರನೇ ವಾರ್ಡಿನಲ್ಲಿ ಮೂವತ್ತು ಮಂಚ, ಹದಿನಾಲ್ಕು ನರ್ಸುಗಳು ಇರಬೇಕಾದಲ್ಲಿ ಎಂಟು. ಎಂಟು ಜನ ಹದಿನಾಲ್ಕು ಜನರ ಕೆಲಸ ಮಾಡಿದರೆ ಬಾಯಲ್ಲಿ ಜೇನು ಸುರಿಯುವುದಿಲ್ಲ. ಬಾಯಲ್ಲಿ ಜೇನಿಲ್ಲದ ಕಡೆ ಹೊಸಬರು ನಿಲ್ಲುವುದಿಲ್ಲ. ಹೊಸಬರು ನಿಲ್ಲದಿದ್ದರೆ ಎಂಟು ಜನ ಹದಿನಾಲ್ಕು ಜನರ ಕೆಲಸ ಮಾಡಬೇಕು. ಗಾಣದೆತ್ತಿನ ಸುತ್ತು, ಸುತ್ತಿದಷ್ಟೂ ಸವೆದದ್ದು ನೆಲ ಮಾತ್ರ.

ಹಗಲು ಪಾಳಿಯಲ್ಲಿ ಮುಖ್ಯವಾಗಿ ಮೂವರು. ಒಬ್ಬಾಕೆಯ ಅಡ್ಡಹೆಸರು ಮೈಕು. ಆಕೆ ಗುಟ್ಟು ಹೇಳಿದರೆ ಮೂರನೇ ಮಹಡಿಯಲ್ಲಿರುವ ನಮ್ಮ ಶಾಖೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನೊಬ್ಬಾಕೆ ನಿಟ್ಟುಸಿರು. ಮಾತು ಕಡಿಮೆ, ಆದರೆ ಪ್ರತಿ ಕೆಲಸಕ್ಕೂ ಮುಂಚೆ ಒಂದು, ಆಮೇಲೆ ಒಂದು ಉಸಿರು ಬಿಡುತ್ತಾರೆ. ಇವರಿಬ್ಬರ ಮೇಲೆ ದೊಡ್ಡ ಸಿಸ್ಟರ್, ವಾರ್ಡಿನ ಉಸ್ತುವಾರಿ, ಇಪ್ಪತ್ತಾರು ವರ್ಷದಿಂದ ಅದೇ ವಾರ್ಡು. 'ಯಾಕಮ್ಮ ಬಂದೆ' ಎಂಬ ಸ್ವಾಗತವಾಕ್ಯದ ಕರ್ತೃ ಅವರೇ, ಉಳಿದವರದು ಅನುವಾದ.

ದೊಡ್ಡ ಸಿಸ್ಟರ್ ನನ್ನ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿರುವವರು. ಅವರು ಬಡಿಸಿದ್ದನ್ನು ಉಂಡು, ಅವರು ಓಡಿಸಿದವರ ಪತ್ರಗಳನ್ನು ಕಡತಕ್ಕೆ ಹಾಕುವುದು ನನ್ನ ದಿನಚರಿಯಾಗಿತ್ತು.

ಹೀಗಿರುವಾಗ ಒಂದು ಸೋಮವಾರ ಮುಖ್ಯ ವೈದ್ಯಾಧಿಕಾರಿಗಳು ನನ್ನನ್ನು ಕರೆಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಕೆಟ್ಟ ಸುದ್ದಿ ಎಂದೇ ಅರ್ಥ.

"ಈ ಶುಕ್ರವಾರ ಸಂಜೆಯೊಳಗೆ ಆರನೇ ವಾರ್ಡಿಗೆ ಇಬ್ಬರು ಒಪ್ಪಿ ಸಹಿ ಹಾಕ್ಬೇಕು," ಎಂದರು. "ಇಲ್ದಿದ್ರೆ ಹದಿನೈದು ಮಂಚ ಮುಚ್ತೀನಿ, ಉಳಿದದ್ದನ್ನ ಐದನೇ ವಾರ್ಡಿಗೆ ಸೇರಿಸ್ತೀನಿ. ಉಸ್ತುವಾರಿ ಒಬ್ರೇ ಸಾಕು, ಐದನೆಯವರು ನೋಡ್ಕೋತಾರೆ."

"ಆರನೆಯವರು, ಸರ್?"

"ಬಟ್ಟೆ ಉಗ್ರಾಣದಲ್ಲಿ ಒಂದು ಹುದ್ದೆ ಖಾಲಿ ಇದೆಯಲ್ಲ. ಹಾಸಿಗೆ ಬಟ್ಟೆ, ದಿಂಬಿನ ಚೀಲ ಎಣಿಸ್ಕೊಂಡು ಇರ್ಲಿ. ಎರಡು ವರ್ಷ ಸರ್ವೀಸು ಉಳಿದಿದೆ ಅಷ್ಟೇ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಬಹುದು. ನಮ್ಮ ಮನೆಯಲ್ಲಿ ಇಲಿ ಎಂದರೆ ನಾನು ಮತ್ತು ಅಣ್ಣ. ಆ ಸಂಜೆ ಅಣ್ಣ ಪತ್ರಿಕೆಯ ಹಿಂದೆ ಅವಿತಿದ್ದ. ಅತ್ತಿಗೆ ಒಗೆದ ಸಮವಸ್ತ್ರ ಮಡಿಸುತ್ತಿದ್ದರು. ನಾನು ಸುದ್ದಿ ಹೇಳಿದೆ.

"ಮುಚ್ಚಲಿ ಬಿಡು," ಎಂದರು. ಆದರೆ ಮಡಿಸಿದ ತೋಳನ್ನು ಬಿಚ್ಚಿ ಮತ್ತೆ ಅದೇ ರೀತಿ ಮಡಿಸಿದರು. "ಈಗಿನೋರಿಗೆ ಸೊಂಟ ಗಟ್ಟಿ ಇಲ್ಲ. ಬರ್ತಾರೆ, ಓಡ್ತಾರೆ. ನಾನೇನು ಕಟ್ಟಿ ಹಾಕ್ಲಾ?"

"ಸೊಂಟದ ಸಮಸ್ಯೆ ಅಲ್ಲ ಅತ್ತಿಗೆ."

"ಮತ್ತೇನದು?"

"ನಿಮ್ಮ ಬಾಯಿ."

ಪತ್ರಿಕೆ ಇನ್ನೂ ಸ್ವಲ್ಪ ಮೇಲೆ ಹೋಯಿತು. ಅತ್ತಿಗೆ ನನ್ನನ್ನು ನೋಡಿದ ನೋಟಕ್ಕೆ ಹೆಸರು ಯಾವ ನಿಘಂಟಿನಲ್ಲೂ ಇಲ್ಲ.

"ನಾನು ಇರೋದನ್ನ ಹೇಳ್ತೀನಿ," ಎಂದರು ನಿಧಾನವಾಗಿ. "ನಾನು ಸೇರಿದಾಗ ಎಲ್ಲರೂ ನಕ್ಕೊಂಡು ಕರ್ಕೊಂಡ್ರು. ಮೊದಲನೇ ವಾರ ನನ್ನ ಕೈಯಲ್ಲೇ ಒಬ್ರು ಹೋದ್ರು. ಹೀಗೂ ಆಗುತ್ತೆ ಅಂತ ಒಬ್ರೂ ಹೇಳಿರ್ಲಿಲ್ಲ. ಆಸೆ ಹುಟ್ಸಿ ಆಮೇಲೆ ಮುರಿಯೋಕಿಂತ ಬಾಗಿಲಲ್ಲೇ ಹೇಳೋದು ಪುಣ್ಯದ ಕೆಲಸ. ನಿನಗದು ಬಾಯಿ ಅನ್ಸಿದ್ರೆ ಅನ್ಸಲಿ."

ಅಲ್ಲಿಂದ ಮೂರು ದಿನ ಅವರು ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. "ರೀ, ನಿಮ್ಮ ತಮ್ಮನಿಗೆ ಇನ್ನೊಂದ್ಸಲ ಬಡಿಸ್ಲಾ ಕೇಳಿ," ಎನ್ನುವರು, ನಾನು ಎದುರಿಗೇ ಕೂತಿರುವಾಗ. ಅಣ್ಣ ಕೇಳುವನು. ನಾನು ಅಣ್ಣನಿಗೆ ಬೇಡ ಎನ್ನುವೆನು. ಅಣ್ಣ ಅವರಿಗೆ ಬೇಡ ಎನ್ನುವನು. ಅಷ್ಟರಲ್ಲಿ ಬಡಿಸಿ ಆಗಿರುತ್ತಿತ್ತು.

ಶುಕ್ರವಾರ ಬೆಳಗ್ಗೆ ಇಬ್ಬರು ಅಭ್ಯರ್ಥಿಗಳು ಬಂದರು. ಒಬ್ಬಳು ಉದ್ದ ಜಡೆಯವಳು. ಇನ್ನೊಬ್ಬ ಎತ್ತರದ ಯುವಕ, ಬಾಗಿಲು ದಾಟುವಾಗ ತಲೆ ತಗ್ಗಿಸುವುದು ರೂಢಿಯಾಗಿ, ಎತ್ತರದ ಬಾಗಿಲಲ್ಲೂ ತಗ್ಗಿಸುವವನು. ಇಬ್ಬರಿಗೂ ಬೇರೆ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ. ಸಹಿಗೆ ಮುಂಚೆ ಅವರಿಗೆ ಅರ್ಧ ದಿನ ವಾರ್ಡು ತೋರಿಸಬೇಕೆಂಬ ಪದ್ಧತಿಯಿತ್ತು. ಈ ಪದ್ಧತಿ ತಂದ ಮಹಾನುಭಾವ ನಾನೇ. ಕೆಲಸವೇ ಕೆಲಸಗಾರರನ್ನು ಸೆಳೆಯುತ್ತದೆ ಎಂದು ಆಗ ನಂಬಿದ್ದೆ.

ಹತ್ತೂವರೆಗೆ ಮೂವರೂ ವಾರ್ಡಿಗೆ ಹೋದೆವು. ಎರಡು ಸಾಲು ಮಂಚ, ನಡುವೆ ಆಗತಾನೇ ಒರೆಸಿದ ನೆಲ, ಕೊನೆಯಲ್ಲಿ ಎತ್ತರದ ಕಿಟಕಿಯಿಂದ ಬಿದ್ದ ಬಿಸಿಲು. ಅತ್ತಿಗೆ ಔಷಧಿಯ ಗಾಡಿಯ ಬಳಿ ನಿಂತು ಚೀಟಿ ನೋಡುತ್ತಿದ್ದರು. ನಮ್ಮನ್ನು ಕಂಡು ತಲೆಯಾಡಿಸಿದರು. ಏನೂ ಹೇಳಲಿಲ್ಲ. ನನ್ನ ಮಾತು ನಾಟಿತೇನೋ ಎಂದು ನಾನು ಹಿಗ್ಗುವಷ್ಟರಲ್ಲಿ ಮೈಕು ಕೊರತೆ ತುಂಬಿದರು.

"ಏನಮ್ಮಾ, ಇಷ್ಟು ದೊಡ್ಡ ಊರಲ್ಲಿ ಬೇರೆ ಆಸ್ಪತ್ರೆನೇ ಸಿಗ್ಲಿಲ್ವಾ? ಜಡೆ ಬೇರೆ ಇಷ್ಟುದ್ದ! ಇಲ್ಲಿ ತಲೆ ಬಾಚ್ಕೊಳ್ಳೋಕೂ ಪುರುಸೊತ್ತಿಲ್ಲ, ಮೊದಲೇ ಹೇಳಿದೀನಿ. ಅಪ್ಪಾ, ನೀನು ಎತ್ತರ ಇದ್ದೀಯ, ಒಳ್ಳೇದಾಯ್ತು, ಬಲ್ಬ್ ಹೋದ್ರೆ ಹಾಕ್ಬಹುದು."

ನಿಟ್ಟುಸಿರು ಒಂದು ಉಸಿರು ಬಿಟ್ಟರು. ಉದ್ದ ಜಡೆಯವಳ ಕಣ್ಣು ಬಾಗಿಲಿನ ಕಡೆ ಹೋಯಿತು. ಆ ನೋಟ ನನಗೆ ಏಳು ಸಲ ಪರಿಚಯವಾದದ್ದು. ಏನಾದರೂ ಸಿಹಿ ಮಾತಾಡಿ ಕೆಟ್ಟದ್ದನ್ನು ಮುಚ್ಚಬೇಕೆಂದು ಬಾಯಿ ತೆರೆದೆ.

"ಇವರು ತಮಾಷೆಗೆ ಹೇಳ್ತಾರೆ. ನೋಡಿ ನೀವೇ, ಇವತ್ತು ವಾರ್ಡು ಎಷ್ಟು ಶಾಂತವಾಗಿದೆ!"

ಮೈಕು ಬಾಯಿ ಮುಚ್ಚಿದರು. ನಿಟ್ಟುಸಿರಿನ ಉಸಿರು ಅರ್ಧದಲ್ಲಿ ನಿಂತಿತು. ಅಭ್ಯರ್ಥಿಗಳಿಬ್ಬರೂ ನಾನು ದೇವರಕೋಣೆಗೆ ಬೂಟು ಹಾಕಿಕೊಂಡು ಹೊಕ್ಕಂತೆ ನನ್ನನ್ನು ನೋಡಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು, ಹದಿನೆಂಟು ವರ್ಷ ಆಸ್ಪತ್ರೆಯ ಅನ್ನ ತಿಂದವನು. ಯಾವ ವಾರ್ಡಿನಲ್ಲೂ, ಯಾವ ನರ್ಸೂ, ವಾರ್ಡು ಶಾಂತವಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲವಂತೆ. ಹೇಳಿದರೆ ಅದು ಕೇಳಿಸಿಕೊಳ್ಳುತ್ತದೆಯಂತೆ. ಏನು ಕೇಳಿಸಿಕೊಳ್ಳುತ್ತದೆ ಎಂದು ಯಾರೂ ಹೇಳಲಾರರು.

ಅತ್ತಿಗೆ ಮೂರು ದಿನದ ಮೌನ ಮುರಿದರು. "ಏನಂದೆ?"

"ಅಲ್ಲ, ನಾನು..."

"ಹೋಗಿ ಬಾಯಿ ತೊಳ್ಕೊಂಡ್ಬಾ. ನಲ್ಲಿ ಅಲ್ಲಿದೆ."

ಎತ್ತರದವನು ನಕ್ಕುಬಿಟ್ಟ. ಅವನನ್ನು ನೋಡಿ ಜಡೆಯವಳು ನಕ್ಕಳು. ಮೈಕು ನಗುತ್ತ, "ಆಫೀಸಿನೋರು ಸ್ವಾಮಿ, ಇವರನ್ನ ಒಳಗೆ ಬಿಟ್ಟಿದ್ದೇ ತಪ್ಪು," ಎಂದರು. ಮೂವರು ನರ್ಸುಗಳೂ ಬಂದವರಿಬ್ಬರೂ ಒಂದೇ ಪಕ್ಷವಾಗಿ ನನ್ನ ಮೇಲೆ ನಗುತ್ತಿದ್ದರು. ನಾನು ನಲ್ಲಿಯತ್ತ ಎರಡು ಹೆಜ್ಜೆ ಇಟ್ಟೆ.

ಆಗ ಅತ್ತಿಗೆ ಕೈ ಎತ್ತಿದರು. ಎಲ್ಲರೂ ಸುಮ್ಮನಾದರು. ಅವರ ತಲೆ ಸ್ವಲ್ಪ ಎಡಕ್ಕೆ ವಾಲಿತ್ತು.

ನಾನೂ ಕಿವಿಗೊಟ್ಟೆ. ಒಂದು ಕೆಮ್ಮು, ಫ್ಯಾನಿನ ಕಿರುಗುಟ್ಟುವಿಕೆ, ಎಲ್ಲೋ ಚಮಚ ಬಟ್ಟಲಿಗೆ ತಗುಲಿದ್ದು, ಯಾರದೋ ಗೊರಕೆ. ವಿಶೇಷವೇನೂ ಇಲ್ಲ.

"ಈ ಗೊರಕೆ ಅವರದ್ದಲ್ಲ," ಎಂದರು ಅತ್ತಿಗೆ.

ಅಷ್ಟು ಹೇಳುವಷ್ಟರಲ್ಲಿ ಹದಿನೇಳನೆಯ ಮಂಚದ ಬಳಿ ಇದ್ದರು. ಅವರು ಓಡಿದ್ದನ್ನು ನಾನು ನೋಡಲಿಲ್ಲ. ಇಲ್ಲಿದ್ದವರು ಅಲ್ಲಿದ್ದರು, ಅಷ್ಟೇ. ಮಂಚದ ಮೇಲೆ ನಿವೃತ್ತ ಲೆಕ್ಕದ ಮೇಷ್ಟ್ರು, ಸಕ್ಕರೆ ಕಾಯಿಲೆಯವರು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ಕಣ್ಣಿಗೆ ಅದು ಹೊಟ್ಟೆಕಿಚ್ಚು ಹುಟ್ಟಿಸುವಂಥ ಸುಖನಿದ್ದೆ. ಅತ್ತಿಗೆ ಅವರ ಕುತ್ತಿಗೆಯ ಮೇಲೆ ಕೈ ಇಟ್ಟು ತೆಗೆದರು. ಕೈ ಒದ್ದೆಯಾಗಿತ್ತು.

"ಮೇಷ್ಟ್ರೇ!"

ಉತ್ತರವಿಲ್ಲ.

ಮುಂದಿನದನ್ನು ಹೇಗೆ ಹೇಳಬೇಕೋ ನನಗೆ ಈಗಲೂ ತಿಳಿಯದು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಅತ್ತಿಗೆ ಪಕ್ಕಕ್ಕೆ ಕೈ ಚಾಚಿದರು. ಬೆರಳು ಚುಚ್ಚುವ ಸೂಜಿ ಆ ಕೈಯಲ್ಲಿತ್ತು. ನಿಟ್ಟುಸಿರು ಅದನ್ನು ಯಾವಾಗ ತಂದರು? ಒಂದು ಹನಿ ರಕ್ತ, ಪುಟ್ಟ ಯಂತ್ರದ ಮೇಲೆ ಒಂದು ಅಂಕಿ: ಇಪ್ಪತ್ತೆಂಟು. ಅದು ಎಪ್ಪತ್ತಕ್ಕಿಂತ ಮೇಲಿರಬೇಕೆಂದು ನನಗೆ ಆಮೇಲೆ ತಿಳಿಯಿತು. ಸಕ್ಕರೆ ಇಳಿಸುವ ಬೆಳಗಿನ ಇಂಜೆಕ್ಷನ್ ಮೈಗೆ ಹೋಗಿತ್ತು. ಬೆಳಗಿನ ತಿಂಡಿ, ಯಾರಿಗೂ ಕಾಣದಂತೆ, ಪೂರ್ತಿಯಾಗಿ ಮಂಚದ ಪಕ್ಕದ ಡಬ್ಬಿಯೊಳಕ್ಕೆ ಹೋಗಿತ್ತು. ಒಳಗಿನ ಸಕ್ಕರೆ ಇಳಿದು ಇಳಿದು, ಮೇಷ್ಟ್ರು ನಿದ್ದೆಯ ಬಾಗಿಲಿನಿಂದಲೇ ಬೇರೆಲ್ಲಿಗೋ ಹೊರಟಿದ್ದರು.

ಮೈಕು ಮೇಷ್ಟ್ರ ತೋಳು ಹಿಡಿದರು. "ಒಂದೇ ಚೂರು ಚುಚ್ಚುತ್ತೆ ಮೇಷ್ಟ್ರೇ, ಆಯ್ತಾ, ಆಯ್ತು ಆಯ್ತು," ಎಂದು ಕೇಳದ ಕಿವಿಗೆ ಹೇಳುತ್ತಿದ್ದರು. ಆ ದನಿ ತೊಟ್ಟಿಲ ಪಕ್ಕದ ದನಿಯಾಗಿತ್ತು. ಆ ಕಂಠದಲ್ಲಿ ಅಷ್ಟು ಸಣ್ಣ ದನಿಯೂ ಇದೆಯೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮೇಷ್ಟ್ರ ತೋಳಿನಲ್ಲಿ ನರವೆಂಬುದೇ ಕಾಣುತ್ತಿರಲಿಲ್ಲ. ಅತ್ತಿಗೆ ನೋಡಲೂ ಇಲ್ಲ. ಬೆರಳ ತುದಿಯಿಂದ ತಡವಿದರು, ಒಂದು ಕಡೆ ನಿಂತರು, ಸೂಜಿ ಇಳಿಸಿದರು. ಕೆಂಪು ಕಂಡಿತು. ಇಂಥ ಹೊತ್ತಿಗೆಂದೇ ವೈದ್ಯರು ಬರೆದಿಟ್ಟ ಖಾಯಂ ಆದೇಶವಿತ್ತು. ದೊಡ್ಡ ಸಿರಿಂಜಿನಲ್ಲಿ ಗ್ಲೂಕೋಸು ಅಷ್ಟರಲ್ಲಾಗಲೇ ತುಂಬಿ ಸಿದ್ಧವಾಗಿತ್ತು. ನಿಟ್ಟುಸಿರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಡ್ಯೂಟಿ ವೈದ್ಯರಿಗೆ ನಾಲ್ಕೇ ಮಾತಲ್ಲಿ ವಿಷಯ ಹೇಳುತ್ತಲೇ ಸಿರಿಂಜು ದಾಟಿಸಿದರು. ಆರು ಕೈಗಳು ಒಂದಕ್ಕೊಂದು ತಾಗದೆ, ತಡೆಯದೆ, ಒಂದೇ ಮೈಯಿಂದ ಹುಟ್ಟಿದವುಗಳ ಹಾಗೆ ಓಡಾಡುತ್ತಿದ್ದವು. ಸಿರಿಂಜು ನಿಧಾನವಾಗಿ ಖಾಲಿಯಾಗುತ್ತಿತ್ತು. ನಾನು ಪಕ್ಕದ ಮಂಚದ ಕಂಬಿ ಹಿಡಿದುಕೊಂಡೆ.

ಗೊರಕೆ ನಿಂತಿತು. ಆ ಒಂದು ಕ್ಷಣ ವಾರ್ಡಿನ ಮೂವತ್ತು ಮಂಚಗಳೂ ಉಸಿರು ಹಿಡಿದಂತಿತ್ತು. ಆಮೇಲೆ ಮೇಷ್ಟ್ರ ರೆಪ್ಪೆ ಅಲುಗಿತು. ಮುಖಕ್ಕೆ ಯಾರೋ ಒಳಗಿನಿಂದ ದೀಪ ತಂದಿಟ್ಟ ಹಾಗೆ ಬಣ್ಣ ಬಂತು. ಕಣ್ಣು ತೆರೆದು ಸುತ್ತ ನೋಡಿದರು.

"ಏನಿದು, ಎಲ್ಲಾ ಸುತ್ತ ನಿಂತಿದೀರಿ? ನಾನೇನು ಸತ್ತೋದ್ನಾ?"

"ಇಲ್ಲ ಮೇಷ್ಟ್ರೇ," ಎಂದರು ಅತ್ತಿಗೆ, ಅವರ ಹಣೆ ಒರೆಸುತ್ತ. "ಹೇಳ್ದೆ ಕೇಳ್ದೆ ರಜೆ ಹಾಕಿ ಹೊರಟಿದ್ರಿ. ಅರ್ಜಿ ನಾಮಂಜೂರು. ತಿಂಡಿ ಡಬ್ಬೀಲಿ ಬಚ್ಚಿಟ್ಟಿದೀರಲ್ಲ, ಎಷ್ಟು ವಯಸ್ಸು ನಿಮಗೆ? ಆರಾ?"

"ಅದು ಚೆನ್ನಾಗಿರ್ಲಿಲ್ಲ ಕಣಮ್ಮ."

"ಚೆನ್ನಾಗಿಲ್ಲದ್ದನ್ನ ತಿನ್ನೋದಕ್ಕೇ ಆಸ್ಪತ್ರೆಗೆ ಬರೋದು."

ಒಟ್ಟು ಒಂಬತ್ತು ನಿಮಿಷ. ವೈದ್ಯರು ಏದುಸಿರಿನಲ್ಲಿ ಬಂದಾಗ ಮೇಷ್ಟ್ರು ಹಾಲಿನ ಲೋಟ ಹಿಡಿದು ಕೂತಿದ್ದರು. ಹೋದ ಪ್ರಾಣ ಬಂತು ಎಂದು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ, ಬಸ್ಸು ಸಿಕ್ಕರೂ ಆಡುತ್ತೇವೆ. ಅದು ನಿಜವಾಗಿ ಬರುವುದನ್ನು ನಾನು ಕಂಡದ್ದು ಅಂದೇ. ಅತ್ತಿಗೆ ಗೋಡೆಯ ಗಡಿಯಾರ ನೋಡಿ ಚೀಟಿಯಲ್ಲಿ ವೇಳೆ ಬರೆದರು. ನಿಟ್ಟುಸಿರು ಬಾಕಿಯಿದ್ದ ಅರ್ಧ ಉಸಿರು ಬಿಟ್ಟರು. ಮೈಕಿನ ದನಿ ಮಾಮೂಲಿ ಎತ್ತರಕ್ಕೆ ಮರಳಿತು: "ನೋಡಿದ್ರಲ್ಲ, ಇದೇ ಇಲ್ಲಿಯ ಬಾಳು! ಓಡೋದಾದ್ರೆ ಈಗ್ಲೇ ಓಡಿ, ಬಾಗಿಲು ತೆರೆದಿದೆ!"

ಜಡೆಯವಳು ಓಡಲಿಲ್ಲ. ಅತ್ತಿಗೆಯ ಹತ್ತಿರ ಹೋದಳು.

"ಸಿಸ್ಟರ್, ಅವರ ಗೊರಕೆ ಅಲ್ಲ ಅಂತ ಹೇಗೆ ಗೊತ್ತಾಯ್ತು?"

ಅತ್ತಿಗೆ ಬಾಯಿ ತೆರೆದರು. ಯಾವ ವಾಕ್ಯ ಬರುತ್ತದೆಂದು ನನಗೆ ಗೊತ್ತಿತ್ತು. ಅವರು ಒಮ್ಮೆ ನನ್ನತ್ತ ನೋಡಿದರು. ಬಾಯಿ ಮುಚ್ಚಿದರು. ಆಮೇಲೆ ಹುಡುಗಿಯ ಭುಜ ಹಿಡಿದು ವಾರ್ಡಿನ ನಡುಮಧ್ಯಕ್ಕೆ ಕರೆದೊಯ್ದರು.

"ಕಣ್ಣು ಮುಚ್ಕೋ. ನೀನೂನಪ್ಪ. ಈಗ ಕೇಳಿ. ಆ ಒಣ ಕೆಮ್ಮು ಮೂರನೆಯವರು. ನೆನ್ನೆಗಿಂತ ಇವತ್ತು ಸಡಿಲ ಇದೆ, ಒಳ್ಳೇದು. ಈ ಟಣಟಣ ಒಂಬತ್ತನೆಯವರ ಕೈಕಡಗ ಮಂಚಕ್ಕೆ ತಾಗೋದು, ಜ್ವರ ಇದ್ದಾಗ ಕೈ ಆಡಿಸ್ತಾನೇ ಇರ್ತಾರೆ. ಈಗ ನಿಂತಿತಲ್ಲ? ಮಲಗಿದ್ರು. ಇಪ್ಪತ್ತೆರಡನೆಯವರು ನೋವಿದ್ರೆ ಕೂಗಲ್ಲ, ಹಲ್ಲು ಕಡೀತಾರೆ, ಅದಕ್ಕೇ ಅವರಿಗೆ ಕೇಳೋ ಮುಂಚೆ ಕೊಡ್ಬೇಕು. ಮೇಷ್ಟ್ರ ಗೊರಕೆ ಮೇಲಕ್ಕೆ ಹೋಗಿ ಸೀಟಿ ಹೊಡೆದು ಇಳಿಯುತ್ತೆ, ಹನ್ನೊಂದು ದಿನದಿಂದ ಕೇಳ್ತಿದೀನಿ. ಇವತ್ತು ಸೀಟಿ ಇರ್ಲಿಲ್ಲ."

ಕಣ್ಣು ಮುಚ್ಚಲು ನನಗೆ ಯಾರೂ ಹೇಳಿರಲಿಲ್ಲ. ನಾನೂ ಮುಚ್ಚಿದೆ. ನನ್ನ ಪಾಲಿಗೆ ಗದ್ದಲವಾಗಿದ್ದದ್ದು ಒಂದೊಂದಾಗಿ ಬಿಡಿಸಿಕೊಂಡು ಮೂವತ್ತು ಜನರಾಯಿತು. ಒಬ್ಬೊಬ್ಬರೂ ಅವರವರ ಜಾಗದಲ್ಲಿ ಮಲಗಿ, ತಮ್ಮನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿಯದೆ, ಉಸಿರಾಡುತ್ತಿದ್ದರು. ಇಪ್ಪತ್ತಾರು ವರ್ಷ ಈ ಹೆಂಗಸು ಇದರ ನಡುವೆ ನಿಂತಿದ್ದರು. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದು ನಾನು ಅವರನ್ನು ಕೇಳಿದ್ದು, ನಾಳೆ ಯಾವ ಪಾಳಿ ಎಂದಷ್ಟೇ.

ಕಣ್ಣು ತೆರೆದಾಗ ಮೈಕು, ನಿಟ್ಟುಸಿರು ಇಬ್ಬರೂ ಗಾಡಿ ಹಿಡಿದು ನಿಂತಲ್ಲೇ ನಿಂತಿದ್ದರು. ಅವರ ಕಣ್ಣೂ ಈಗಷ್ಟೇ ತೆರೆದಂತಿತ್ತು.

ಮಧ್ಯಾಹ್ನ ಮೂರಕ್ಕೆ ಜಡೆಯವಳು ನನ್ನ ಮೇಜಿನಲ್ಲಿ ಸಹಿ ಹಾಕಿದಳು. ಎತ್ತರದವನು ಅರ್ಜಿಯನ್ನು ಹಾಗೇ ನನ್ನತ್ತ ಸರಿಸಿದ.

"ಬೇಡ ಸರ್. ಅವರೆಲ್ಲ ಬೇರೆ ಥರದ ಜನ. ನನಗೆ ಭಯ ಆಯ್ತು. ಕಾಲು ಕಿತ್ತಿಡೋಕೆ ಆಗ್ಲಿಲ್ಲ. ಡ್ಯೂಟೀಲಿ ನಾನಿದ್ದಿದ್ರೆ ಗೊರಕೆ ಕೇಳಿ 'ಪಾಪ, ಮಲಗಿದಾರೆ' ಅಂತ ಬಾಗಿಲು ಮುಂದೆ ಮಾಡ್ತಿದ್ದೆ."

ನಾನು ಏನೇನೋ ಹೇಳಿದೆ. ಇಲಾಖೆಯ ಭಾಷೆಯಲ್ಲಿ ಭಯಕ್ಕೆ ಔಷಧಿ ಇಲ್ಲ. ಅವನು ತಲೆ ತಗ್ಗಿಸಿ ಬಾಗಿಲು ದಾಟಿ ಹೋದ.

ಹತ್ತೇ ನಿಮಿಷಕ್ಕೆ ಅತ್ತಿಗೆ ಬಂದರು. ಮೂರು ಮಹಡಿ ಹತ್ತಿ ನನ್ನ ಶಾಖೆಗೆ ಅವರು ಬಂದದ್ದು ಅದೇ ಮೊದಲು.

"ಎಷ್ಟಾಯ್ತು?"

"ಒಂದು."

ಅವರು ರಾಜೀನಾಮೆ ಕೊಡುವವರ ಕುರ್ಚಿಯಲ್ಲಿ ಕೂತರು. ಮುಚ್ಚಲಿ ಬಿಡು ಎನ್ನಲಿಲ್ಲ. ಎರಡೂ ಅಂಗೈಯನ್ನು ಮಂಡಿಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದರು. ಅವು ದಿಂಬಿನ ಚೀಲ ಎಣಿಸುವುದನ್ನು ಊಹಿಸಲು ನನ್ನಿಂದಾಗಲಿಲ್ಲ.

"ಆ ಉದ್ದನೆಯವನು ಯಾಕೆ ಹೋದ?"

"ಭಯ ಆಯ್ತಂತೆ."

"ಭಯನಾ?" ಅತ್ತಿಗೆ ತಲೆ ಎತ್ತಿದರು. "ಎಲ್ಲಿದ್ದಾನೆ?"

"ಬಸ್‌ಸ್ಟಾಪಲ್ಲಿ ಇರ್ಬಹುದು."

ಅವರು ಎದ್ದು ಹೋದರು. ನಾನು ಕಿಟಕಿಗೆ ಹೋದೆ. ಕೆಳಗೆ ರಸ್ತೆ, ಆಚೆ ಬಸ್‌ಸ್ಟಾಪು, ಅದರ ಚಾವಣಿಗಿಂತ ಒಂದು ಗೇಣು ಕೆಳಗೆ ಅವನ ತಲೆ. ಸಮವಸ್ತ್ರದಲ್ಲಿ ರಸ್ತೆ ದಾಟಿ ಅತ್ತಿಗೆ ಅವನ ಪಕ್ಕ ನಿಂತರು. ಅವನ ಮುಖ ನೋಡಲಿಲ್ಲ. ಬಸ್ಸು ಕಾಯುವವರ ಹಾಗೆ ರಸ್ತೆ ನೋಡುತ್ತ ಏನೋ ಹೇಳಿದರು. ಒಂದು ಬಸ್ಸು ಬಂದು ಇಬ್ಬರನ್ನೂ ಮರೆಮಾಡಿತು. ಅದು ಹೋದಾಗ ಇಬ್ಬರೂ ಇದ್ದರು. ಈಗ ಅವನು ಮಾತಾಡುತ್ತಿದ್ದ, ಕೈ ಆಡಿಸಿ ಆಡಿಸಿ. ಇನ್ನೊಂದು ಬಸ್ಸು. ಇಬ್ಬರೂ ಇದ್ದರು. ಅತ್ತಿಗೆ ತಮ್ಮ ಬಲಗೈ ಮುಂದೆ ಚಾಚಿ ಅವನಿಗೆ ತೋರಿಸಿದರು. ಅವನು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದ. ಮೂರನೇ ಬಸ್ಸು ನಿಲ್ಲಲೇ ಇಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಇಬ್ಬರೂ ರಸ್ತೆ ದಾಟುತ್ತಿದ್ದರು.

ನಾಲ್ಕೂ ನಲವತ್ತಕ್ಕೆ ಅವನು ಸಹಿ ಹಾಕಿದ. ಅತ್ತಿಗೆ ಹಿಂದೆ ನಿಂತು ಬಗ್ಗಿ ನೋಡಿ, "ಅಕ್ಷರ ಪರವಾಗಿಲ್ಲ, ಚೀಟಿ ಓದ್ಬಹುದು," ಎಂದರು. "ಸೋಮವಾರ ಏಳಕ್ಕೆ. ಏಳು ಅಂದ್ರೆ ಆರೂ ಐವತ್ತು." ಹೊರಟುಹೋದರು.

"ಏನು ಹೇಳಿದ್ರು ಕೆಳಗೆ?" ಎಂದು ನಾನು ಅವನನ್ನು ಕೇಳಿದೆ. ತಡೆಯಲಾಗಲಿಲ್ಲ.

"ಭಯ ಆಗ್ದೇ ಇರೋರು ನನ್ನ ವಾರ್ಡಿಗೆ ಬೇಡ ಅಂದ್ರು. ಅವರಿಗೂ ಇವತ್ತು ಭಯ ಆಯ್ತಂತೆ. ಪ್ರತಿ ಸಲ ಆಗುತ್ತಂತೆ, ಮೊದಲನೇ ವಾರದಿಂದ. ನಾನು ನಂಬ್ಲಿಲ್ಲ. ಆಗ ಕೈ ತೋರಿಸಿದ್ರು." ಅವನು ತನ್ನ ಕೈಯನ್ನೇ ಚಾಚಿ ನೋಡಿಕೊಂಡ. "ನಡುಗ್ತಾ ಇತ್ತು ಸರ್. ಬೆಳಗ್ಗೆ ಸೂಜಿ ಹಿಡಿದಾಗ ಇಷ್ಟೂ ಅಲ್ಲಾಡ್ಲಿಲ್ಲ ಆ ಕೈ. ಮಧ್ಯಾಹ್ನ ನಾಲ್ಕಕ್ಕೂ ನಡುಗ್ತಾನೇ ಇತ್ತು."

ಮೊಹರು ನನ್ನ ಕೈಯಲ್ಲೇ ಇತ್ತು. ಅದನ್ನು ಅರ್ಜಿಯ ಮೇಲೆ ಒತ್ತಿ, ಮಸಿ ಪೂರ್ತಿ ಒಣಗಿದ ಮೇಲೆ ಕಡತಕ್ಕೆ ಹಾಕಿದೆ.